ಕಥೆ ಕೇಳುವ ಜೂಲಿ: ಅರ್ಧಕ್ಕೆ ಬಿಟ್ಟಂತೆ ಕಾಣುವ ಚಿತ್ರವನ್ನು ನೋಡುವುದು ಹೇಗೆ

ಹೋದ ವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದೆ. ಒಂದು ತೋಟ, ಅಲ್ಲೊಬ್ಬಳು ಹೆಣ್ಣುಮಗಳು, ಅವಳ ಜೊತೆ ಒಂದು ಪುಟ್ಟ ಹುಡುಗಿ. ಸುತ್ತ ಹಸಿರೋ ಹಸಿರು. ಐದು ನಿಮಿಷದಲ್ಲಿ ಚಿಕ್ಕಮ್ಮನ ಉತ್ತರ ಬಂತು: "ಚೆನ್ನಾಗಿದೆ ಕಣೋ, ಆದ್ರೆ ಪೂರ್ತಿ ಮಾಡಿಲ್ವಾ?" ಆಮೇಲೆ ಅಕ್ಕನ ಮಗಳು ಕೇಳಿದಳು, "ಇಷ್ಟು ಗೀಚಿದ್ರೆ ನಮ್ಮ ಡ್ರಾಯಿಂಗ್ ಟೀಚರ್ ಮಾರ್ಕ್ಸ್ ಕೊಡಲ್ಲ, ಇವರಿಗೆ ಯಾಕೆ ಇಷ್ಟು ಹೆಸರು?"

ಇಬ್ಬರೂ ಕೇಳಿದ್ದು ಸರಿಯಾದ ಪ್ರಶ್ನೆಯೇ. ಸುಮಾರು 140 ವರ್ಷದ ಹಿಂದೆ ಪ್ಯಾರಿಸ್ಸಿನ ಪತ್ರಿಕೆಗಳೂ ಇದನ್ನೇ ಕೇಳಿದ್ದವು. ಕ್ಯಾಲೆಂಡರ್, ಮೊಬೈಲ್ ವಾಲ್‌ಪೇಪರ್, ಕಾಫಿ ಮಗ್, ಎಲ್ಲೆಲ್ಲೂ ಈಗ ಇಂಥ ಚಿತ್ರಗಳು ಕಾಣುತ್ತವೆ, ಇಂಪ್ರೆಷನಿಸಂ ಅಂತ ಕರೆಯುವ ಶೈಲಿಯವು. ಆದರೆ ಅವನ್ನು ಹೀಗೆ ಯಾಕೆ ಬರೆದರು ಅಂತ ನಮಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ಗುಂಪಿನಲ್ಲಿ ಉದ್ದ ಮೆಸೇಜ್ ಹಾಕಲು ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರ ಯಾವುದು, ಯಾರು ಬರೆದದ್ದು

ಚಿತ್ರದ ಹೆಸರು 'ಲಾ ಫಾಬ್ಲ್'. ಫ್ರೆಂಚಿನಲ್ಲಿ ಹಾಗೆಂದರೆ ನೀತಿಕಥೆ. ಪ್ರಾಣಿಪಕ್ಷಿಗಳು ಮಾತಾಡುವ, ಕೊನೆಗೊಂದು ಬುದ್ಧಿಮಾತು ಇರುವ ಪುಟ್ಟ ಕಥೆ. ಚಿತ್ರ ಬರೆದದ್ದು 1883ರಲ್ಲಿ. ಬರೆದವರು ಬರ್ತ್ ಮೊರಿಸೊ ಎಂಬ ಫ್ರೆಂಚ್ ಕಲಾವಿದೆ. ಚಿತ್ರದಲ್ಲಿರುವ ಹುಡುಗಿ ಅವರ ಒಬ್ಬಳೇ ಮಗಳು ಜೂಲಿ, ಆಗ ಅವಳಿಗೆ ನಾಲ್ಕು ದಾಟಿತ್ತು. ದೊಡ್ಡವಳು ಪಾಸಿ, ಆ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗಿ. ಜಾಗ ಬೂಜಿವಾಲ್, ಪ್ಯಾರಿಸ್ಸಿನ ಪಶ್ಚಿಮಕ್ಕೆ ಸೇನ್ ನದಿಯ ದಡದಲ್ಲಿರುವ ಊರು. 1881ರಿಂದ 1884ರವರೆಗೆ ಬೇಸಿಗೆ ಬಂದರೆ ಮೊರಿಸೊ ಅವರ ಸಂಸಾರ ಅಲ್ಲೊಂದು ಬಾಡಿಗೆ ಮನೆಗೆ ಹೋಗುತ್ತಿತ್ತು. ಮನೆಗೊಂದು ತೋಟವಿತ್ತು. ಅವರ ಅತ್ಯುತ್ತಮ ಚಿತ್ರಗಳಲ್ಲಿ ಎಷ್ಟೋ ಹುಟ್ಟಿದ್ದು ಆ ತೋಟದಲ್ಲೇ.

ಮೊರಿಸೊ ಹುಟ್ಟಿದ್ದು 1841ರಲ್ಲಿ, ತೀರಿಕೊಂಡದ್ದು 1895ರಲ್ಲಿ. ಅವರ ಗಂಡ ಯುಜೆನ್ ಮಾನೆ. ಆ ಕಾಲದ ದೊಡ್ಡ ಕಲಾವಿದ ಎದ್ವಾರ್ ಮಾನೆಯ ತಮ್ಮ. (ನೀರಿನ ತಾವರೆಗಳನ್ನು ಬರೆದ ಕ್ಲೋದ್ ಮೊನೆ ಬೇರೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಎಲ್ಲರಿಗೂ ಗೊಂದಲ ಆಗುತ್ತದೆ. ಇಬ್ಬರೂ ಮೊರಿಸೊ ಅವರ ಆಪ್ತರೇ.)

ಇಂಪ್ರೆಷನಿಸಂ ಅಂದರೆ ಏನು

ಆಗ ಫ್ರಾನ್ಸಿನಲ್ಲಿ ಕಲಾವಿದ ಹೆಸರು ಮಾಡಬೇಕಾದರೆ ಮುಖ್ಯವಾದ ದಾರಿ ಒಂದೇ. ಅದರ ಹೆಸರು ಸಲೋನ್. ಪ್ಯಾರಿಸ್ಸಿನಲ್ಲಿ ನಡೆಯುತ್ತಿದ್ದ ದೊಡ್ಡ ಅಧಿಕೃತ ಪ್ರದರ್ಶನ ಅದು. ತೀರ್ಪುಗಾರರ ಮಂಡಳಿ ಒಪ್ಪಿದರೆ ನಿಮ್ಮ ಚಿತ್ರ ಗೋಡೆ ಏರುತ್ತದೆ, ಕೊಳ್ಳುವವರು ಸಿಗುತ್ತಾರೆ. ಒಪ್ಪದಿದ್ದರೆ ಚಿತ್ರ ಮನೆಗೆ ವಾಪಸ್ಸು.

ಮಂಡಳಿಯವರ ರುಚಿಯೂ ಗಟ್ಟಿಯಾಗಿ ಬೇರುಬಿಟ್ಟಿತ್ತು. ಎಲ್ಲಕ್ಕಿಂತ ಮೇಲಿನ ಮಣೆ ಪುರಾಣ, ಚರಿತ್ರೆ, ಬೈಬಲ್ಲಿನ ದೃಶ್ಯಗಳಿಗೆ. ದಿನನಿತ್ಯದ ಬದುಕಿನ ಚಿತ್ರಗಳು ಕೆಳಗಿನ ಮೆಟ್ಟಿಲಲ್ಲಿ. ಬಣ್ಣ ನುಣ್ಣಗೆ ಇರಬೇಕು, ಬ್ರಶ್ಶಿನ ಗುರುತು ಎಲ್ಲೂ ಕಾಣಬಾರದು. ಚೆನ್ನಾಗಿ ಗಾರೆ ಮಾಡಿ ಉಜ್ಜಿದ ಗೋಡೆಯ ಮೇಲೆ ಕರಣೆಯ ಗೆರೆ ಕಾಣದ ಹಾಗೆ. ಅಷ್ಟು ನುಣುಪಿದ್ದರೆ ಮಾತ್ರ ಚಿತ್ರ ಮುಗಿದಿದೆ ಅಂತ ಅರ್ಥ.

1874ರ ಏಪ್ರಿಲ್ 15ರಂದು ಕೆಲವು ಕಲಾವಿದರು ಈ ಮಂಡಳಿಯ ಹಂಗೇ ಬೇಡ ಅಂತ ತಮ್ಮ ಖರ್ಚಿನಲ್ಲೇ ಒಂದು ಪ್ರದರ್ಶನ ತೆರೆದರು. ನಾದಾರ್ ಎಂಬ ಹೆಸರಾಂತ ಫೋಟೋಗ್ರಾಫರ್ ಹಿಂದೆ ಸ್ಟುಡಿಯೋ ಇಟ್ಟುಕೊಂಡಿದ್ದ ಜಾಗದಲ್ಲಿ. ಮೊನೆ, ರೆನ್ವಾ, ದೆಗಾ, ಪಿಸ್ಸಾರೊ ಇದ್ದರು. ಮೊರಿಸೊ ಕೂಡ ಇದ್ದರು. ಅವರ ಚಿತ್ರಗಳು 1864ರಿಂದಲೇ ಸಲೋನ್‌ನಲ್ಲಿ ಆಯ್ಕೆಯಾಗುತ್ತಿದ್ದವು, ಅಂದರೆ 23ನೇ ವಯಸ್ಸಿನಿಂದ. ತೆರೆದ ಬಾಗಿಲನ್ನು ಬಿಟ್ಟು ಅವರು ಈ ಹೊಸಬರ ಜೊತೆ ಬಂದರು. ಇದನ್ನು ಓದುವಾಗಲೆಲ್ಲ ನನಗೆ ಅವರ ಧೈರ್ಯದ ಬಗ್ಗೆ ಗೌರವ ಬರುತ್ತದೆ.

ಆ ಪ್ರದರ್ಶನದಲ್ಲಿ ಮೊನೆಯ ಒಂದು ಚಿತ್ರ ಇತ್ತು. ಬಂದರಿನಲ್ಲಿ ಮಂಜು, ಅದರ ನಡುವೆ ಕಿತ್ತಳೆ ಬಣ್ಣದ ಸೂರ್ಯ. ಹೆಸರಿನಲ್ಲಿ 'ಇಂಪ್ರೆಷನ್' ಎಂಬ ಪದ ಇತ್ತು. ಕಂಡ ಕ್ಷಣಕ್ಕೆ ಮನಸ್ಸಿನ ಮೇಲೆ ಬೀಳುವ ಛಾಪು ಅಂತ ಅರ್ಥ. ಲೂಯಿ ಲೆರೊಯ್ ಎಂಬ ಪತ್ರಕರ್ತ ಆ ಪದವನ್ನೇ ಹಿಡಿದುಕೊಂಡು 'ಇವರು ಇಂಪ್ರೆಷನಿಸ್ಟರು' ಅಂತ ಅಣಕಿಸಿ ಬರೆದ. ಬೈಗುಳವೇ ಹೆಸರಾಯಿತು. 1886ರವರೆಗೆ ಒಟ್ಟು ಎಂಟು ಪ್ರದರ್ಶನ ನಡೆದವು. ಮೊರಿಸೊ ಏಳರಲ್ಲಿ ಭಾಗವಹಿಸಿದರು. ತಪ್ಪಿಸಿಕೊಂಡದ್ದು 1879ರದ್ದು ಒಂದೇ. ಅದರ ಹಿಂದಿನ ನವೆಂಬರ್‌ನಲ್ಲಿ ಜೂಲಿ ಹುಟ್ಟಿದ್ದಳು.

1876ರ ಎರಡನೇ ಪ್ರದರ್ಶನದ ಬಗ್ಗೆ ಫಿಗಾರೋ ಪತ್ರಿಕೆಯ ವಿಮರ್ಶಕ ಬರೆದದ್ದು ಇನ್ನೂ ಕಟುವಾಗಿತ್ತು. ಐದಾರು ಹುಚ್ಚರು ಸೇರಿಕೊಂಡಿದ್ದಾರೆ, ಅದರಲ್ಲೊಬ್ಬಳು ಹೆಂಗಸು ಅಂತ. ಆ ಹೆಂಗಸು ಮೊರಿಸೊ. ಓದಿದ ಯುಜೆನ್‌ಗೆ ಎಷ್ಟು ಸಿಟ್ಟು ಬಂತೆಂದರೆ ಆ ವಿಮರ್ಶಕನನ್ನು ದ್ವಂದ್ವಯುದ್ಧಕ್ಕೆ ಕರೆಯಲು ಹೊರಟಿದ್ದರು.

ಟ್ಯೂಬು ಬಂತು, ರೈಲು ಬಂತು

ಹೊರಗೆ ಕೂತು ಚಿತ್ರ ಬರೆಯುವುದರಲ್ಲಿ ಏನು ವಿಶೇಷ ಅನ್ನಿಸಬಹುದು. ಟ್ಯೂಬು ಬರುವ ಮುಂಚೆ ಆಯಿಲ್ ಪೇಂಟ್ ಹೊರಗೆ ಹೊತ್ತುಕೊಂಡು ಹೋಗುವುದೇ ಒಂದು ಪಾಡಾಗಿತ್ತು. ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದು ಹಂದಿಯ ಮೂತ್ರಚೀಲದಲ್ಲಿ ತುಂಬಿ ಕಟ್ಟಿಡುತ್ತಿದ್ದರು. ಬೇಕಾದಾಗ ತೂತು ಮಾಡಿ ಹಿಂಡಬೇಕು. ಒಮ್ಮೆ ತೂತು ಮಾಡಿದರೆ ಸರಿಯಾಗಿ ಮುಚ್ಚಲು ಆಗದು, ಬಣ್ಣ ಒಣಗಿ ಹಾಳಾಗುತ್ತದೆ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕನ್ ಕಲಾವಿದ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ನಮ್ಮ ಟೂತ್‌ಪೇಸ್ಟ್ ಟ್ಯೂಬಿನ ಹಾಗೆ, ಬೇಕಾದಷ್ಟು ಹಿಂಡಿ ಮುಚ್ಚಳ ಹಾಕಿಬಿಡಬಹುದು. ಮೊರಿಸೊ ಹುಟ್ಟಿದ ವರ್ಷವೇ ಅದು ಬಂದದ್ದು ಕಾಕತಾಳೀಯ, ಆದರೆ ಅವರ ಇಡೀ ತಲೆಮಾರಿನ ಕೆಲಸ ಆ ಟ್ಯೂಬಿನ ಮೇಲೆ ನಿಂತಿದೆ.

ಜೊತೆಗೆ ಕಾರ್ಖಾನೆಗಳಿಂದ ಹೊಸ ಹೊಸ ಬಣ್ಣಗಳು ಬಂದವು. ಹೊಳೆಯುವ ಹಳದಿ, ಗಾಢ ಹಸಿರು, ನೇರಳೆ. ಪ್ಯಾರಿಸ್ಸಿನಿಂದ ಸುತ್ತಲ ಊರುಗಳಿಗೆ ರೈಲು ಬಂತು. ಬೆಳಿಗ್ಗೆ ಹೊರಟು ನದಿಯ ದಡದಲ್ಲಿ ಕೂತು ಬರೆದು ಸಂಜೆಗೆ ಮನೆ ಸೇರಬಹುದು. ಬೂಜಿವಾಲ್ ಸುತ್ತಮುತ್ತ ಮೊನೆ, ರೆನ್ವಾ, ಪಿಸ್ಸಾರೊ ಎಲ್ಲರೂ ಬರೆದಿದ್ದಾರೆ.

ಹತ್ತಿರದಿಂದ ಗೀಚು, ದೂರದಿಂದ ಹುಡುಗಿ

ಈಗ ಚಿಕ್ಕಮ್ಮನ ಪ್ರಶ್ನೆಗೆ ಬರೋಣ. ಪೂರ್ತಿ ಯಾಕೆ ಮಾಡಿಲ್ಲ?

ಹೊರಗಿನ ಬೆಳಕು ನಿಲ್ಲುವುದಿಲ್ಲ. ಹತ್ತು ಗಂಟೆಯ ನೆರಳು ಹನ್ನೊಂದಕ್ಕೆ ಇನ್ನೊಂದು ಕಡೆ ಇರುತ್ತದೆ. ಮೋಡ ಅಡ್ಡ ಬಂದರೆ ಇಡೀ ತೋಟದ ಬಣ್ಣವೇ ಬೇರೆ. ಹಳೆಯ ಪದ್ಧತಿಯಲ್ಲಿ ಒಂದು ಪದರ ಬಣ್ಣ ಹಚ್ಚಿ, ಅದು ಒಣಗಲು ದಿನಗಟ್ಟಲೆ ಬಿಟ್ಟು, ಮೇಲೆ ಇನ್ನೊಂದು ತೆಳು ಪದರ ಹಚ್ಚುತ್ತಾ ಹೋಗುತ್ತಿದ್ದರು. ತೋಟದಲ್ಲಿ ಅಷ್ಟು ಹೊತ್ತು ಕಾಯಲು ಆಗುತ್ತದೆಯೇ? ಆದ್ದರಿಂದ ಇವರು ಹಸಿ ಬಣ್ಣದ ಮೇಲೇ ಹಸಿ ಬಣ್ಣ ಹಚ್ಚಿದರು. ಬೇಗ ಬೇಗ, ಒಂದೊಂದು ಎಳೆತಕ್ಕೆ ಒಂದೊಂದು ಎಲೆಗೊಂಚಲು ಮುಗಿಸಿಬಿಡುವ ಹಾಗೆ.

ಅದರಲ್ಲೂ ಎದುರಿಗಿರುವುದು ನಾಲ್ಕು ವರ್ಷದ ಮಗು. ಮಕ್ಕಳ ಫೋಟೋ ತೆಗೆದವರಿಗೆ ಗೊತ್ತು, ಫೋನ್ ಎತ್ತುವಷ್ಟರಲ್ಲಿ ಆ ನಗು ಹೋಗಿರುತ್ತದೆ. ಮಗುವನ್ನು ಅಲ್ಲಾಡದಂತೆ ಎರಡು ಗಂಟೆ ಕೂರಿಸಿ ಬರೆದರೆ ಬರುವುದು ಗೊಂಬೆಯ ಚಿತ್ರ. ಹಿಂದಿನ ಎಷ್ಟೋ ಚಿತ್ರಗಳಲ್ಲಿ ಮಕ್ಕಳು ಬಿಗಿಯಾದ ಬಟ್ಟೆ ಹಾಕಿಕೊಂಡು ಕುಳ್ಳಗಿನ ದೊಡ್ಡವರ ಹಾಗೆ ಕಾಣುತ್ತಾರೆ. ಮೊರಿಸೊ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ, ತಮ್ಮ ಆಸೆ ದೊಡ್ಡದೇನಲ್ಲ, ಹಾದುಹೋಗುತ್ತಿರುವುದರಲ್ಲಿ ಏನಾದರೊಂದನ್ನು, ಅತಿ ಚಿಕ್ಕದೊಂದನ್ನು, ಹಿಡಿದಿಡಬೇಕು ಅಂತ. ಆ ಬ್ರಶ್ಶಿನ ಎಳೆತಗಳ ಅವಸರ ಇದಕ್ಕಾಗಿಯೇ. ಮುಖದ ಗೆರೆಗಳನ್ನು ಪೂರ್ತಿ ಮುಗಿಸಿದ್ದರೆ ಜೂಲಿ ನಿಂತುಬಿಡುತ್ತಿದ್ದಳು.

ಇನ್ನು ಬಣ್ಣದ ವಿಷಯ. ಎರಡು ಬಣ್ಣದ ನೂಲಿನಲ್ಲಿ ನೇಯ್ದ ರೇಷ್ಮೆ ಸೀರೆ ನೋಡಿದ್ದೀರಲ್ವಾ? ಹಾಸಿನ ನೂಲು ಕೆಂಪು, ಹೊಕ್ಕಿನ ನೂಲು ನೀಲಿ. ಕಣ್ಣಿನ ಹತ್ತಿರ ಹಿಡಿದರೆ ಎರಡೂ ಬೇರೆ ಬೇರೆ ಕಾಣುತ್ತವೆ, ಉಟ್ಟುಕೊಂಡು ದೂರದಲ್ಲಿ ನಿಂತರೆ ಸೀರೆ ನೇರಳೆ. ಆ ನೇರಳೆಯನ್ನು ಯಾರೂ ಅದ್ದಿದ್ದಲ್ಲ, ನಿಮ್ಮ ಕಣ್ಣೇ ಬೆರೆಸಿದ್ದು. ಇಂಪ್ರೆಷನಿಸ್ಟರ ಕ್ಯಾನ್ವಾಸಿನಲ್ಲೂ ಹಾಗೇ. ಹಸಿರು ಅಂತ ನಾವು ನೋಡುವ ಜಾಗದಲ್ಲಿ ಹಲವು ಬಗೆಯ ಹಸಿರಿನ ಜೊತೆ ಹಳದಿಯ ಎಳೆತ ಇರುತ್ತದೆ, ನೀಲಿಯದ್ದು ಇರುತ್ತದೆ, ನಡುವೆ ಒಂದು ಚೂರು ಗುಲಾಬಿ ಕೂಡ. ಒಟ್ಟಿಗೆ ಕಲಸಿ ಹಚ್ಚಿದರೆ ಬಣ್ಣ ಮಂಕಾಗುತ್ತದೆ, ಪಕ್ಕಪಕ್ಕ ಇಟ್ಟರೆ ಮಿನುಗುತ್ತದೆ.

ನೆರಳು ಕಪ್ಪಲ್ಲ ಎಂಬುದು ಅವರು ಕಂಡುಕೊಂಡ ಇನ್ನೊಂದು ಸಂಗತಿ. ಇದನ್ನು ನೀವು ಇವತ್ತೇ ಪರೀಕ್ಷೆ ಮಾಡಬಹುದು. ಹೊಂಗೆ ಮರದ ಕೆಳಗೆ ಬಿಳಿ ಪಂಚೆ ಉಟ್ಟವರು ಯಾರಾದರೂ ಕೂತಿದ್ದರೆ ಗಮನಿಸಿ. ಪಂಚೆಯ ಮೇಲಿನ ನೆರಳು ಒಂದು ಕಡೆ ಎಲೆಯ ಹಸಿರು ಹಿಡಿದಿರುತ್ತದೆ, ಇನ್ನೊಂದು ಕಡೆ ಆಕಾಶದ ನೀಲಿ. ಬಿಳಿ ಎಂಬುದು ನಮ್ಮ ತಲೆಯಲ್ಲಿರುವ ಹೆಸರು, ಕಣ್ಣಿಗೆ ಬೀಳುತ್ತಿರುವುದು ಹತ್ತು ಬಣ್ಣ. ಮೊರಿಸೊ ಬಿಳಿ ಬಟ್ಟೆ ಬರೆಯುವುದರಲ್ಲಿ ಬಹಳ ಗಟ್ಟಿಗರು. ಅವರ ಬಿಳಿಯಲ್ಲಿ ಬೂದು, ತಿಳಿನೀಲಿ, ನಸುಗುಲಾಬಿ ಎಲ್ಲ ಇರುತ್ತದೆ. ಅವರು ಹೂವಿನ ಎಸಳುಗಳನ್ನೇ ಅರೆದು ಕ್ಯಾನ್ವಾಸಿಗೆ ಹಚ್ಚುತ್ತಾರೆ ಅಂತ ಆ ಕಾಲದ ಒಬ್ಬ ವಿಮರ್ಶಕ ಮೆಚ್ಚಿ ಬರೆದಿದ್ದ.

ಹಾಗಂತ ಇದು ಸುಮ್ನೆ ಗೀಚಿದ್ದಲ್ಲ. ಮೊರಿಸೊ ಹುಡುಗಿಯಾಗಿದ್ದಾಗ ಲೂವ್ರ್ ಮ್ಯೂಸಿಯಂಗೆ ಹೋಗಿ ಹಳೆಯ ಗುರುಗಳ ಚಿತ್ರಗಳನ್ನು ನೋಡಿ ನೋಡಿ ನಕಲು ಬರೆದವರು. ಆಮೇಲೆ ಕೊರೊ ಎಂಬ ಹಿರಿಯ ಕಲಾವಿದರ ಬಳಿ ಹೊರಾಂಗಣದ ಚಿತ್ರ ಬರೆಯಲು ಕಲಿತವರು. ಸಂಗೀತ ಕಲಿತವರು ಆಲಾಪನೆಯಲ್ಲಿ ಒಂದು ಸ್ವರವನ್ನು ಮುಟ್ಟಿ ಬಿಟ್ಟುಬಿಡುತ್ತಾರೆ, ಉಳಿದದ್ದು ಕೇಳುವವರಲ್ಲಿ ಮುಂದುವರಿಯುತ್ತದೆ. ಎಲ್ಲಿ ಬಿಡಬೇಕು ಅಂತ ಗೊತ್ತಾಗಲು ವರ್ಷಗಳ ಅಭ್ಯಾಸ ಬೇಕು. ಅಕ್ಕನ ಮಗಳಿಗೆ ನನ್ನ ಉತ್ತರ ಇದೇ. ಮಾರ್ಕ್ಸ್ ವಿಷಯ ಮಾತ್ರ ಅವಳ ಟೀಚರ್‌ಗೆ ಬಿಟ್ಟದ್ದು.

ತೋಟವೇ ಯಾಕೆ

ಮೊನೆ ರೈಲ್ವೆ ಸ್ಟೇಷನ್ ಬರೆದ, ದೆಗಾ ನೃತ್ಯಶಾಲೆ ಬರೆದ, ಮಾನೆ ಬಾರ್ ಬರೆದ. ಮೊರಿಸೊ ಬರೆದದ್ದು ತೋಟ, ವರಾಂಡ, ತೊಟ್ಟಿಲು, ಓದುವ ಹುಡುಗಿಯರು. ಹೆಂಗಸಾದ್ದರಿಂದ ಮೃದುವಾದ ವಿಷಯ ಇಷ್ಟ ಅಂತ ಬಹಳ ಕಾಲ ಹೇಳುತ್ತಾ ಬಂದರು. ನಿಜವಾದ ಕಾರಣ ಬೇರೆ. ಒಳ್ಳೆಯ ಮನೆತನದ ಹೆಂಗಸು ಒಬ್ಬಳೇ ಕಾಫಿ ಅಂಗಡಿಗೋ ನಾಟಕದ ಹಿಂದಿನ ಕೋಣೆಗೋ ಹೋಗಿ ಸ್ಕೆಚ್ ಮಾಡುವ ಹಾಗೇ ಇರಲಿಲ್ಲ. ಲೂವ್ರ್‌ಗೆ ಹೋಗಬೇಕಾದರೂ ಜೊತೆಗೆ ದೊಡ್ಡವರು ಯಾರಾದರೂ ಬೇಕು. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1897ರಲ್ಲಿ, ಮೊರಿಸೊ ತೀರಿಕೊಂಡು ಎರಡು ವರ್ಷ ಆದ ಮೇಲೆ. ಅವರು ಕಲಿತದ್ದೆಲ್ಲ ಮನೆಪಾಠದಿಂದ. ಆ ಮನೆಪಾಠದ ಮೇಷ್ಟ್ರು ಒಮ್ಮೆ ತಾಯಿಯನ್ನು ಎಚ್ಚರಿಸಿದರಂತೆ: ನಿಮ್ಮ ಹುಡುಗಿಯರು ಹವ್ಯಾಸಕ್ಕೆ ನಿಲ್ಲುವವರಲ್ಲ, ನಿಜವಾದ ಕಲಾವಿದರಾಗುತ್ತಾರೆ, ನಿಮ್ಮಂಥ ಮನೆತನದಲ್ಲಿ ಅದೊಂದು ಕ್ರಾಂತಿ, ಅನಾಹುತ ಅಂದರೂ ತಪ್ಪಲ್ಲ ಅಂತ. ತಾಯಿ ಪಾಠ ನಿಲ್ಲಿಸಲಿಲ್ಲ. ಅಕ್ಕ ಎಡ್ಮಾ ಕೂಡ ಚೆನ್ನಾಗಿ ಬರೆಯುತ್ತಿದ್ದಳು, 1869ರಲ್ಲಿ ಮದುವೆಯಾದ ಮೇಲೆ ಬಣ್ಣ ಕೆಳಗಿಟ್ಟಳು. ಮೊರಿಸೊ ಇಡಲಿಲ್ಲ.

ಹೊರಗೆ ಹೋಗಿ ಬರೆಯಲು ಅವರು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಬಯಲಿನಲ್ಲಿ ಈಸಲ್ (ಕ್ಯಾನ್ವಾಸ್ ಇಡುವ ಸ್ಟ್ಯಾಂಡ್) ನಿಲ್ಲಿಸಿದ ಕೂಡಲೇ ಮಕ್ಕಳ ದಂಡು ಕೂಗುತ್ತಾ ಮುತ್ತಿಕೊಂಡದ್ದು, ಜಮೀನಿನ ಯಜಮಾನ ಬಂದು ಅಪ್ಪಣೆ ಕೇಳದೆ ಇಲ್ಲಿ ಕೂತದ್ದು ಯಾಕೆ ಅಂತ ಗದರಿದ್ದು, ಇವನ್ನೆಲ್ಲ ಅಕ್ಕನಿಗೆ ಪತ್ರದಲ್ಲಿ ಬರೆದಿದ್ದಾರೆ. ದೋಣಿಯಲ್ಲಿ ಕೂತು ಬರೆಯೋಣ ಅಂದರೆ ಎಲ್ಲವೂ ಅಲುಗಾಡುತ್ತದೆ. ಹೀಗಿರುವಾಗ ನಾಲ್ಕು ಗೋಡೆಯೊಳಗಿನ ತೋಟ ಅವರಿಗೆ ಸಿಕ್ಕ ಬಯಲು. ಅಲ್ಲಿ ಬೆಳಕಿದೆ, ಗಾಳಿಯಿದೆ, ಯಾರೂ ಬಂದು ಗದರುವುದಿಲ್ಲ. ಅಷ್ಟೇ ಜಾಗದಲ್ಲಿ ಮೊನೆಗೆ ಇಡೀ ನದಿಯಲ್ಲಿ ಸಿಕ್ಕಷ್ಟನ್ನೇ ಅವರು ಹುಡುಕಿ ತೆಗೆದರು ಅಂತ ನಾನು ನಂಬುತ್ತೇನೆ.

ಅದೇ ತೋಟದಲ್ಲಿ 1881ರಲ್ಲಿ ಬರೆದ ಇನ್ನೊಂದು ಚಿತ್ರ ಈಗ ಪ್ಯಾರಿಸ್ಸಿನ ಮಾರ್ಮೊತಾನ್ ಮೊನೆ ಮ್ಯೂಸಿಯಂನಲ್ಲಿದೆ. ಅದರಲ್ಲಿ ಯುಜೆನ್ ತೋಟದಲ್ಲಿ ಕೂತಿದ್ದಾರೆ, ಅವರ ತೊಡೆಯ ಮೇಲೆ ಆಟಿಕೆಯ ಮನೆಗಳಿವೆ, ಜೂಲಿ ಅದರಲ್ಲಿ ಮುಳುಗಿಹೋಗಿದ್ದಾಳೆ. ಅಪ್ಪ ಮಗುವನ್ನು ಆಡಿಸುತ್ತಿರುವ ಚಿತ್ರ ಆ ಕಾಲದಲ್ಲಿ ತೀರಾ ಅಪರೂಪ. ತಾಯಿ ಮಗುವಿನ ಚಿತ್ರ ಬೇಕಾದಷ್ಟು ಸಿಗುತ್ತದೆ. ಇಲ್ಲಿ ಅಪ್ಪ ಮಗು ನೋಡಿಕೊಳ್ಳುತ್ತಿದ್ದಾರೆ, ಅಮ್ಮ ಕೆಲಸ ಮಾಡುತ್ತಿದ್ದಾರೆ. ಅಮ್ಮನ ಕೆಲಸ ಅಂದರೆ ಈ ಚಿತ್ರವೇ.

ಪಾಸಿ ಎಂಬ ಹುಡುಗಿ

'ಲಾ ಫಾಬ್ಲ್' ಕುರಿತ ಮಾತು ಸಾಮಾನ್ಯವಾಗಿ ಜೂಲಿಯ ಮೇಲೇ ನಿಲ್ಲುತ್ತದೆ. ನನಗೆ ಪಾಸಿಯ ಬಗ್ಗೆ ಒಂದೆರಡು ಮಾತು ಜಾಸ್ತಿ ಹೇಳಬೇಕು ಅನ್ನಿಸುತ್ತದೆ.

ಬೇಸಿಗೆಯ ತೋಟದ ಚಿತ್ರ ನೋಡಿದ ಕೂಡಲೇ ನಮಗೆ ವಿರಾಮ, ರಜೆ ಅನ್ನಿಸುತ್ತದೆ. ಆದರೆ ಅಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದಾರೆ. ಒಬ್ಬರು ಚಿತ್ರ ಬರೆಯುತ್ತಿರುವ ಯಜಮಾನಿ, ಅವರು ಕಾಣುವುದಿಲ್ಲ. ಇನ್ನೊಬ್ಬಳು ಪಾಸಿ. ಅವಳು ಮಗುವನ್ನು ನೋಡಿಕೊಳ್ಳಬೇಕು, ಕಥೆಯಲ್ಲಿ ಹಿಡಿದಿಡಬೇಕು, ಅದೇ ಹೊತ್ತಿಗೆ ಚಿತ್ರಕ್ಕೆ ಮಾಡೆಲ್ ಕೂಡ ಆಗಬೇಕು. ಕಥೆ ನಿಂತರೆ ಜೂಲಿ ಎದ್ದು ಓಡುತ್ತಾಳೆ, ಜೂಲಿ ಓಡಿದರೆ ಚಿತ್ರ ನಿಲ್ಲುತ್ತದೆ. ಇನ್ನೊಂದು ಚಿತ್ರದಲ್ಲಿ ಪಾಸಿ ಇದೇ ಬೂಜಿವಾಲ್ ತೋಟದಲ್ಲಿ ಬಟ್ಟೆ ಹೊಲಿಯುತ್ತಾ ಕೂತಿದ್ದಾಳೆ. ಅದು ಫ್ರಾನ್ಸಿನ ಪೋ ಎಂಬ ಊರಿನ ಮ್ಯೂಸಿಯಂನಲ್ಲಿದೆ.

ಇದಕ್ಕೂ ಕೆಲವು ವರ್ಷ ಮೊದಲು ಮೊರಿಸೊ ಇನ್ನೊಂದು ಚಿತ್ರ ಬರೆದಿದ್ದರು. ಕೂಸಾಗಿದ್ದ ಜೂಲಿಗೆ ಒಬ್ಬ ಹೆಂಗಸು ಹಾಲೂಡಿಸುತ್ತಿರುವುದು. ಅವಳು ಹಾಲೂಡಿಸಲು ಸಂಬಳಕ್ಕೆ ಇಟ್ಟುಕೊಂಡ ದಾದಿ. ಅನುಕೂಲಸ್ಥರ ಮನೆಗಳಲ್ಲಿ ಆಗ ಅದು ಸಾಮಾನ್ಯ. ಒಬ್ಬಳು ತನ್ನ ಹಾಲನ್ನು ದುಡಿಮೆಯಾಗಿಸಿಕೊಂಡಿದ್ದಾಳೆ, ಇನ್ನೊಬ್ಬಳು, ಚಿತ್ರ ಬರೆಯುತ್ತಿರುವ ತಾಯಿ, ತನ್ನ ಕಣ್ಣನ್ನು. ಇಬ್ಬರ ನಡುವೆ ಒಂದೇ ಮಗು. ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ ಈ ಚಿತ್ರದ ಬಗ್ಗೆ ಬರೆದದ್ದು ಬಂದ ಮೇಲೆ ಮೊರಿಸೊ ಅವರ ತೋಟಗಳನ್ನು ನೋಡುವ ರೀತಿಯೇ ಬದಲಾಯಿತು. ಪಾಸಿ, ದಾದಿ ಇವರೆಲ್ಲ ಮೊರಿಸೊಗೆ ಚಿತ್ರ ಬರೆಯಲು ಹೊತ್ತು ಕೊಟ್ಟವರು. ಮೊರಿಸೊ ಅವರನ್ನು ಚಿತ್ರದ ಅಂಚಿಗೆ ತಳ್ಳಲಿಲ್ಲ, ನಡುವೆ ಕೂರಿಸಿದರು.

ಕಥೆಯನ್ನು ಬಣ್ಣದಲ್ಲಿ ತರುವುದು ಹೇಗೆ

ಸಲೋನ್ ಮೆಚ್ಚುತ್ತಿದ್ದ ಚಿತ್ರಗಳಲ್ಲೂ ಕಥೆ ಇತ್ತು. ಕತ್ತಿ ಎತ್ತಿದ ವೀರ, ಬಿದ್ದ ರಾಕ್ಷಸ, ಅಳುವ ರಾಣಿ. ನೋಡಿದ ಕೂಡಲೇ ಕಥೆ ಗೊತ್ತಾಗಬೇಕು. ಮೊರಿಸೊ ಚಿತ್ರಕ್ಕೆ 'ನೀತಿಕಥೆ' ಅಂತ ಹೆಸರಿಟ್ಟರು, ಆದರೆ ಒಳಗೆ ನರಿಯಿಲ್ಲದೆ, ಸಿಂಹವಿಲ್ಲದೆ, ನೀತಿಯಿಲ್ಲದೆ ಬರೆದರು. ಇರುವುದು ಹೇಳುವವಳು, ಕೇಳುವವಳು. ಅಜ್ಜಿ ಕಥೆ ಹೇಳುವಾಗ ಪಕ್ಕದ ಕೋಣೆಯಿಂದ ಇಣುಕಿದ್ದರೆ ನಿಮಗೆ ಗೊತ್ತಿರುತ್ತದೆ. ಮಾತು ಕೇಳಿಸದಿದ್ದರೂ ಮಗು ಕೂತ ರೀತಿ ನೋಡಿಯೇ ಕಥೆ ಯಾವ ಹಂತದಲ್ಲಿದೆ ಅಂತ ಹೇಳಬಹುದು. ಧ್ವನಿಯನ್ನು ಬಣ್ಣದಲ್ಲಿ ಬರೆಯಲು ಆಗುವುದಿಲ್ಲ, ಗಮನವನ್ನು ಬರೆಯಬಹುದು.

ಆ ಹೆಸರನ್ನು ಕೇಳಿದ ಫ್ರೆಂಚ್ ಜನರಿಗೆ ಮೊದಲು ನೆನಪಾಗುವುದು ಲಾ ಫೊಂಟೇನ್ ಎಂಬ ಕವಿ. ಅವನ ನೀತಿಕಥೆಗಳ ಮೊದಲ ಸಂಪುಟ ಬಂದದ್ದು 1668ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಫ್ರೆಂಚ್ ಮಕ್ಕಳು ಅವನ ಕಾಗೆ ನರಿಯ ಪದ್ಯ ಬಾಯಿಪಾಠ ಮಾಡುತ್ತಲೇ ಬೆಳೆದಿದ್ದಾರೆ. 1881, 1882ರಲ್ಲಿ ಫ್ರಾನ್ಸ್ ಸರ್ಕಾರ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಆಮೇಲೆ ಕಡ್ಡಾಯ ಮಾಡಿತು. ಅಂದರೆ ಚಿತ್ರ ಬರೆದ ಹೊತ್ತಿಗೆ ಮಕ್ಕಳು ಏನು ಓದಬೇಕು, ಏನು ಕೇಳಬೇಕು ಎಂಬುದು ದೇಶದ ದೊಡ್ಡ ಚರ್ಚೆ.

ಇಲ್ಲಿಂದ ದಾರಿ ನಮ್ಮ ಕಡೆಗೂ ತಿರುಗುತ್ತದೆ. ಲಾ ಫೊಂಟೇನ್ 1678ರಲ್ಲಿ ಎರಡನೇ ಸಂಗ್ರಹ ತಂದಾಗ ಮುನ್ನುಡಿಯಲ್ಲಿ ಒಂದು ಸಾಲ ಒಪ್ಪಿಕೊಂಡ. ಇದರಲ್ಲಿನ ಬಹುಪಾಲು ಕಥೆಗಳಿಗೆ ತಾನು ಪಿಲ್ಪೇ ಎಂಬ ಭಾರತೀಯ ಜ್ಞಾನಿಗೆ ಋಣಿ ಅಂತ. ಪಿಲ್ಪೇ ಹೆಸರಿನಲ್ಲಿ ಯುರೋಪಿಗೆ ಹೋದದ್ದು ಪಂಚತಂತ್ರದ ಕಥೆಗಳು. ಆರನೇ ಶತಮಾನದಲ್ಲಿ ಅವು ಇರಾನಿನ ಪಹ್ಲವಿ ಭಾಷೆಗೆ ಹೋದವು. ಎಂಟನೇ ಶತಮಾನದಲ್ಲಿ ಅರಬ್ಬಿಗೆ ಹೋಗಿ 'ಕಲೀಲ ಮತ್ತು ದಿಮ್ನ' ಆದವು. ಕರಟಕ ದಮನಕ ಎಂಬ ನಮ್ಮ ಎರಡು ನರಿಗಳೇ ಅವು. ಆಮೇಲೆ ಪರ್ಷಿಯನ್ ದಾಟಿ 1644ರಲ್ಲಿ ಫ್ರೆಂಚಿಗೆ ಬಂದವು. ಕನ್ನಡಕ್ಕೆ ಪಂಚತಂತ್ರ ಬಂದದ್ದು ಅದಕ್ಕೂ ಬಹಳ ಮೊದಲು. ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹ 1031ರ ಸುಮಾರಿಗೆ ಅದನ್ನು ಕನ್ನಡದಲ್ಲಿ ಬರೆದ, ವಸುಭಾಗ ಎಂಬವನು ಬರೆದ ಪಂಚತಂತ್ರದ ಪಾಠವನ್ನು ಇಟ್ಟುಕೊಂಡು.

ಎರಡು ಹಂಸಗಳು ಕೋಲು ಕಚ್ಚಿಕೊಂಡು, ನಡುವೆ ಆಮೆಯನ್ನು ನೇತುಹಾಕಿಕೊಂಡು ಹಾರುವ ಕಥೆ ನಮಗೆಲ್ಲ ಗೊತ್ತು. ಕೆಳಗಿನವರ ಮಾತು ತಡೆಯಲಾಗದೆ ಆಮೆ ಬಾಯಿ ಬಿಟ್ಟು ಬೀಳುತ್ತದೆ. ಲಾ ಫೊಂಟೇನ್‌ನಲ್ಲೂ ಅದೇ ಆಮೆ, ಅದೇ ಕೋಲು. ಹಂಸದ ಬದಲು ಬಾತುಕೋಳಿ, ಅಷ್ಟೇ. ಪಾಸಿಯ ಬಾಯಲ್ಲಿ ಯಾವ ಕಥೆ ಇದೆ ಅಂತ ಚಿತ್ರ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಫ್ರಾನ್ಸಿನ ಒಂದು ತೋಟದಲ್ಲಿ ಮಗುವಿಗೆ ಹೇಳುವ ಪ್ರಾಣಿಕಥೆಗಳ ರಾಶಿಯಲ್ಲಿ ನಮ್ಮ ಅಜ್ಜಿಯರ ಆಮೆಯೂ ಇತ್ತು ಅಂತ ಗೊತ್ತಾದ ದಿನ ನನಗೆ ಆ ಚಿತ್ರ ಇನ್ನಷ್ಟು ಹತ್ತಿರವಾಯಿತು.

ಚಿತ್ರ ನೋಡುವಾಗ

'ಲಾ ಫಾಬ್ಲ್' ಖಾಸಗಿ ಸಂಗ್ರಹದಲ್ಲಿದೆ, ಆದ್ದರಿಂದ ನಾವು ನೋಡುವುದು ಹೆಚ್ಚಾಗಿ ಪರದೆಯ ಮೇಲೆ. ಹಾಗಿದ್ದರೂ ಒಂದು ಕೆಲಸ ಮಾಡಬಹುದು. ಮೊದಲು ಫೋನನ್ನು ಕೈ ಚಾಚಿ ದೂರ ಹಿಡಿದು ನೋಡಿ. ಆಮೇಲೆ ಬೆರಳಿಂದ ದೊಡ್ಡದು ಮಾಡಿ. ತೋಟ ಹೋಗಿ ಬಣ್ಣದ ಎಳೆತಗಳು ಉಳಿಯುತ್ತವೆ. ಎಲೆ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಅಂತ ಹುಡುಕಿ. ಮತ್ತೆ ಚಿಕ್ಕದು ಮಾಡಿ, ಹುಡುಗಿ ವಾಪಸ್ಸು ಬರುತ್ತಾಳೆ. ಚಿಕ್ಕಮ್ಮನಿಗೆ ಫೋನಿನಲ್ಲಿ ಇದನ್ನೇ ಮಾಡಿಸಿದೆ. ಎರಡು ಮೂರು ಸಲ ಹಿಂದೆ ಮುಂದೆ ಮಾಡಿದ ಮೇಲೆ, "ಓ, ಎಲೆ ಅಲ್ಲಾಡ್ತಾ ಇದೆ ಅಲ್ವಾ" ಅಂದರು.

ಜೂಲಿ ಮುಂದೆ ಏನಾದಳು

ಮೊರಿಸೊ ಆ ಮಗುವನ್ನು ಬರೆಯುವುದನ್ನು ಕೊನೆಯವರೆಗೂ ಬಿಡಲಿಲ್ಲ. ತೊಟ್ಟಿಲ ಕೂಸಿನಿಂದ ಪಿಟೀಲು ಹಿಡಿದ ಹದಿಹರೆಯದವರೆಗೆ ಜೂಲಿ ಕ್ಯಾನ್ವಾಸಿನ ಮೇಲೇ ಬೆಳೆದಳು. ರೆನ್ವಾ ಕೂಡ 1887ರಲ್ಲಿ ಬೆಕ್ಕು ಎತ್ತಿಕೊಂಡ ಜೂಲಿಯನ್ನು ಬರೆದ. 1892ರಲ್ಲಿ ಅಪ್ಪ ತೀರಿಕೊಂಡರು. 1895ರಲ್ಲಿ ಜೂಲಿಗೆ ಜ್ವರ ಬಂತು, ಆರೈಕೆ ಮಾಡುತ್ತಿದ್ದ ತಾಯಿಗೂ ಹತ್ತಿತು. ಮಾರ್ಚ್ 2ರಂದು ಮೊರಿಸೊ ಹೋದರು, 54ನೇ ವಯಸ್ಸಿನಲ್ಲಿ. ಮರಣ ಪತ್ರದಲ್ಲಿ ಅವರ ಉದ್ಯೋಗದ ಜಾಗದಲ್ಲಿ ಬರೆದದ್ದು 'ಉದ್ಯೋಗವಿಲ್ಲ' ಅಂತ.

ಒಂದು ವರ್ಷಕ್ಕೆ, 1896ರ ಮಾರ್ಚ್‌ನಲ್ಲಿ, ಪ್ಯಾರಿಸ್ಸಿನ ದ್ಯುರಾಂ-ರುಯೆಲ್ ಗ್ಯಾಲರಿಯಲ್ಲಿ ಮೊರಿಸೊ ಅವರ ನೆನಪಿಗೆ ದೊಡ್ಡ ಪ್ರದರ್ಶನ ಏರ್ಪಟ್ಟಿತು. 300ಕ್ಕೂ ಹೆಚ್ಚು ಚಿತ್ರಗಳು. ಗೋಡೆಗೆ ಏರಿಸಲು ಮೊನೆ, ದೆಗಾ, ರೆನ್ವಾ ಬಂದರು, ಕವಿ ಮಲಾರ್ಮೆ ಬಂದರು. ಡ್ರಾಯಿಂಗ್‌ಗಳನ್ನು ಎಲ್ಲಿ ಇಡಬೇಕು ಅಂತ ಅವರ ನಡುವೆ ಜೋರು ವಾದವೇ ಆಯಿತು. ಇದೆಲ್ಲ ನಮಗೆ ಗೊತ್ತಿರುವುದು ಅಲ್ಲೇ ಇದ್ದು, ಕೈ ಜೋಡಿಸಿ, ರಾತ್ರಿ ಕೂತು ಡೈರಿಯಲ್ಲಿ ಬರೆದಿಟ್ಟವಳಿಂದ. ಅವಳಿಗೆ ಆಗ 17. ಬೂಜಿವಾಲ್ ತೋಟದಲ್ಲಿ ಪಾಸಿಯ ಕಥೆ ಕೇಳುತ್ತಾ ಕೂತಿದ್ದ ಜೂಲಿ.